ಸಮಾನನಾಮರ ಸಂಗತಿ

ಮೊಮ್ಮಗನಿಗೆ ತಾತನ ಹೆಸರನ್ನಿಡುವುದು ನಮ್ಮ ದೇಶದಲ್ಲಿ ಅರಮನೆಗೂ ಗುಡಿಸಲಿಗೂ ಸಮಾನವಾಗಿ ನಡೆದುಬಂದ ಸಂಪ್ರದಾಯವಾದ್ದರಿಂದ, ಯಾವ ರಾಜವಂಶದ ಪೀಳಿಗೆಯನ್ನು ತೆಗೆದು ನೋಡಿದರೂ ನಾಲ್ಕೈದು ಹೆಸರುಗಳೇ ಸರದಿಯ ಮೇಲೆ ಮತ್ತೆ ಮತ್ತೆ ಸಿಂಹಾಸನವನ್ನೇರುತ್ತಿರುವುದು ಕಾಣುತ್ತದೆ. ಮಾನ್ಯಖೇಟದ ರಾಷ್ಟ್ರಕೂಟರಲ್ಲಿ ಕೃಷ್ಣರು ಮೂವರು, ಗೋವಿಂದರು ನಾಲ್ವರು. ಹೆಸರು ಒಂದೇ ಆದರೇನು, ಬಿರುದುಗಳಿಂದ ಪ್ರತ್ಯೇಕಿಸಿಕೊಳ್ಳಬಹುದಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಏಕೆಂದರೆ ಆ ಮನೆತನದಲ್ಲಿ ಹೆಸರಿನ ಬೆನ್ನಿಗೇ ಬಿರುದೂ ಆನುವಂಶಿಕವಾಗಿ ಇಳಿದುಬರುತ್ತಿತ್ತು. ಎಲ್ಲೋರದ ಕೈಲಾಸನಾಥ ದೇವಾಲಯವನ್ನು ಕಡೆಯಿಸಿದ ಕೃಷ್ಣನೂ ಅಕಾಲವರ್ಷನೇ, ಅವನಿಗೆ ಸುಮಾರು ಎರಡು ಶತಮಾನಗಳ ತರುವಾಯ, 949ರಲ್ಲಿ, ತಕ್ಕೋಲದ ರಣರಂಗದಲ್ಲಿ ಚೋಳರನ್ನು ಮುರಿದ ಕೃಷ್ಣನೂ ಅಕಾಲವರ್ಷನೇ. ಕಾಲನಿರ್ದೇಶವಿಲ್ಲದ ಒಂದು ಕಲ್ಲಿನಲ್ಲಿ ಅಕಾಲವರ್ಷ ಕೃಷ್ಣನೆಂದಷ್ಟೇ ಇದ್ದರೆ, ಶಾಸನಜ್ಞನು ಅಕ್ಷರದ ತಿರುವನ್ನೂ, ಅದರಲ್ಲಿ ಕಾಣಿಸುವ ಸಾಮಂತನ ಮನೆತನವನ್ನೂ, ದಾನಕೊಟ್ಟ ಊರು ಯಾವ ನಾಡಿನದೆಂಬುದನ್ನೂ ಹಿಡಿದು ಮುಂದುವರಿಯಬೇಕಲ್ಲದೆ, ಹೆಸರೂ ಬಿರುದೂ ಅವನಿಗೆ ಯಾವ ಸಹಾಯವನ್ನೂ ಮಾಡಲಾರವು.

ಒಂದನೆಯ, ಎರಡನೆಯ, ಮೂರನೆಯ ಎಂದು ನಾವು ಈಗ ಲಗತ್ತಿಸುವ ಸಂಖ್ಯೆಗಳು ಇತಿಹಾಸಕಾರರು ತಮ್ಮ ಅನುಕೂಲಕ್ಕಾಗಿ ಅಂಟಿಸಿದ ಚೀಟಿಗಳು. ತನ್ನನ್ನು ಎರಡನೆಯವನೆಂದು ಕರೆದುಕೊಂಡ ಪುಲಕೇಶಿ ಎಲ್ಲಿಯೂ ಇಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕೊಂಡಾಡುವ ಆ ಚಕ್ರವರ್ತಿ ಸತ್ಯಾಶ್ರಯನೆಂದೇ ಪ್ರಸಿದ್ಧ. ಆ ಸತ್ಯಾಶ್ರಯನೆಂಬ ಹೆಸರೂ ಮುಂದೆ ಕುಲನಾಮದಂತಾಗಿ, ಮುನ್ನೂರೈವತ್ತು ವರ್ಷಗಳಾದ ಮೇಲೆ ರನ್ನನ ಆಶ್ರಯದಾತನಾದ ಇರಿವಬೆಡಂಗನಿಗೆ ಬಂದು ಸೇರಿತು. ಅರಸರ ವಿಷಯದಲ್ಲಾದರೂ ವಂಶಾವಳಿಗಳುಂಟು, ತಾಮ್ರಪಟಗಳುಂಟು, ಶಕವರ್ಷಗಳುಂಟು. ತಪ್ಪು ನುಸುಳಿದರೂ ಇಂದಲ್ಲ ನಾಳೆ ಸಿಕ್ಕಿಬೀಳುತ್ತದೆ. ಕವಿಗಳು, ಶಾಸ್ತ್ರಕಾರರು, ಮಂತ್ರಿಗಳು, ಮುನಿಗಳು, ಇವರ ಪಾಡು ಅಷ್ಟು ಸುಲಭದ್ದಲ್ಲ. ಸಮಾನನಾಮರಾದ ಇಬ್ಬರಲ್ಲಿ ಹಿರಿಯ ಕೀರ್ತಿಯುಳ್ಳವನು ಕಿರಿಯ ಕೀರ್ತಿಯವನನ್ನು, ಅವನ ಗ್ರಂಥ ಮತ್ತು ದಾನಧರ್ಮಗಳ ಸಮೇತ, ಸದ್ದಿಲ್ಲದೆ ತನ್ನೊಳಕ್ಕೆ ಎಳೆದುಕೊಂಡುಬಿಡುತ್ತಾನೆ. ಒಬ್ಬನನ್ನು ಇಬ್ಬರೆಂದು ಒಡೆಯುವುದೂ ಪ್ರಮಾದವೇ. ಆದರೆ ಇಬ್ಬರನ್ನು ಒಬ್ಬನೆಂದು ಬೆಸೆಯುವುದು ಅದಕ್ಕಿಂತ ಗುರುತರವಾದ ಪ್ರಮಾದವೆಂಬುದು ನನ್ನ ಎಣಿಕೆ. ಒಡೆದು ಇಬ್ಬರಾದವರ ವಿಚಾರದಲ್ಲಿ, ಇವರಿಬ್ಬರೂ ಒಬ್ಬನೇ ಇರಬಹುದೇ ಎಂಬ ಪ್ರಶ್ನೆ ಸದಾ ಎದುರಿಗೆ ನಿಂತಿರುತ್ತದೆ. ಬೆಸೆದು ಒಬ್ಬನಾದವನ ವಿಚಾರದಲ್ಲಿ, ಎರಡನೆಯವನೊಬ್ಬನು ಇದ್ದನೆಂಬ ಸಂಶಯವೇ ಹುಟ್ಟದೆ ಹೋಗುತ್ತದೆ.

ಇದಕ್ಕೆ ವಿಜಯನಗರದ ಮಾಧವರಿಗಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ, ಹರಿಹರ ಬುಕ್ಕರ ರಾಜ್ಯವು ತಳವೂರುತ್ತಿದ್ದ ದಶಕಗಳಲ್ಲಿ, ಮಾಧವನೆಂಬ ಹೆಸರಿನ ಪಂಡಿತರಿಬ್ಬರು ಅದೇ ರಾಜ್ಯದ ಆಶ್ರಯದಲ್ಲಿ ಏಕಕಾಲಕ್ಕೆ ಬಾಳಿದರು. ಒಬ್ಬನು ಪರಾಶರಮಾಧವೀಯ, ಕಾಲನಿರ್ಣಯ, ಜೈಮಿನೀಯ ನ್ಯಾಯಮಾಲಾವಿಸ್ತರ ಮೊದಲಾದ ಗ್ರಂಥಗಳ ಕರ್ತೃವಾದ ಮಾಧವಾಚಾರ್ಯ. ವೇದಭಾಷ್ಯಕಾರನಾದ ಸಾಯಣನ ಅಣ್ಣ. ಕಡೆಗೆ ಸಂನ್ಯಾಸವನ್ನು ಸ್ವೀಕರಿಸಿ ಶೃಂಗೇರಿಯ ಪೀಠದಲ್ಲಿ ವಿದ್ಯಾರಣ್ಯರಾಗಿ 1386ರಲ್ಲಿ ವಿದೇಹರಾದವನು ಇವನೇ ಎಂಬುದು ಸಂಪ್ರದಾಯದ ನಂಬಿಕೆ. (ಮಾಧವಾಚಾರ್ಯನೂ ವಿದ್ಯಾರಣ್ಯರೂ ಒಬ್ಬರೇ ಹೌದೋ ಅಲ್ಲವೋ ಎಂಬುದೇ ಒಂದು ಬೇರೆಯ ವಿವಾದ, ಅದನ್ನು ಇಲ್ಲಿ ಎತ್ತಿಕೊಂಡರೆ ಲೇಖನ ಮುಗಿಯುವ ಬಗೆ ಕಾಣದು.) ಇನ್ನೊಬ್ಬನು ಆರಗ, ಚಂದ್ರಗುತ್ತಿಗಳ ಕಡೆಯ ಪಶ್ಚಿಮ ಸೀಮೆಯನ್ನು ಆಳಿದ ಮಾಧವಮಂತ್ರಿ, ಗೋವೆಯಿಂದ ತುರುಷ್ಕರನ್ನು ಹೊರದೂಡಿ, ಅವರು ಕಿತ್ತು ಹಾಕಿದ್ದ ಸಪ್ತನಾಥಾದಿ ಲಿಂಗಗಳನ್ನು ಮರಳಿ ಪ್ರತಿಷ್ಠೆ ಮಾಡಿಸಿದನೆಂದು ಶಾಸನಗಳು ಹೊಗಳುವ ಭುವನೈಕವೀರ.

ಬಹುಕಾಲ ಈ ಇಬ್ಬರೂ ಒಬ್ಬನಾಗಿಯೇ ಇದ್ದರು. ಧರ್ಮಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕೈಯೇ ಖಡ್ಗವನ್ನು ಹಿರಿದು ಕೊಂಕಣವನ್ನು ಗೆದ್ದಿತು. ಗೆದ್ದ ಕೈಯೇ ಕಾಷಾಯವನ್ನು ಧರಿಸಿ ಪಂಚದಶಿಯನ್ನು ರಚಿಸಿತು. ಈ ಚಿತ್ರದಲ್ಲಿ ಒಂದು ಭವ್ಯತೆಯಿತ್ತೆಂಬುದನ್ನು ಅಲ್ಲಗಳೆಯಲಾಗದು; ಆ ಭವ್ಯತೆಯ ದೆಸೆಯಿಂದಲೇ ಅದನ್ನು ಯಾರೂ ಮುಟ್ಟಿ ನೋಡಲು ಮನಸ್ಸು ಮಾಡಲಿಲ್ಲವೆಂದು ತೋರುತ್ತದೆ. ಆದರೆ ಮುಟ್ಟಿ ನೋಡಲು ಬೇಕಾದ ಸಾಮಗ್ರಿಯೆಲ್ಲವೂ ಕಣ್ಣೆದುರಿಗೇ ಇತ್ತು. ಮಾಧವಾಚಾರ್ಯನು ಪರಾಶರಮಾಧವೀಯದ ಪೀಠಿಕೆಯಲ್ಲಿ ತನ್ನ ತಂದೆ ಮಾಯಣ, ತಾಯಿ ಶ್ರೀಮತಿ, ಒಡಹುಟ್ಟಿದವರು ಸಾಯಣ ಭೋಗನಾಥರು, ಶಾಖೆ ಯಜುಸ್ಸು, ಸೂತ್ರ ಬೋಧಾಯನ, ಗೋತ್ರ ಭಾರದ್ವಾಜ ಎಂದು ಒಂದನ್ನೂ ಬಿಡದೆ ಹೇಳಿಕೊಂಡಿದ್ದಾನೆ. ಮಾಧವಮಂತ್ರಿಯ ಶಾಸನಗಳು ಅಷ್ಟೇ ಸ್ಪಷ್ಟವಾಗಿ ಅವನು ಆಂಗಿರಸ ಗೋತ್ರದವನು, ಚೌಂಡನ ಮಗನು, ತಾಯಿ ಮಾಚಾಂಬಿಕೆ ಎನ್ನುತ್ತವೆ. ಒಬ್ಬನ ಗುರುಗಳು ವಿದ್ಯಾತೀರ್ಥರು, ಭಾರತೀತೀರ್ಥರು. ಇನ್ನೊಬ್ಬನ ಗುರು ಶೈವಾಚಾರ್ಯನಾದ ಕಾಶೀವಿಲಾಸ ಕ್ರಿಯಾಶಕ್ತಿ. ತಂದೆ ಬೇರೆ, ತಾಯಿ ಬೇರೆ, ಗೋತ್ರ ಬೇರೆ, ಗುರು ಬೇರೆ. ಸಮಾನವಾದದ್ದು ಹೆಸರು, ರಾಜ್ಯ, ಕಾಲ. 1916ರಲ್ಲಿ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಮಾಧವಾಚಾರ್ಯ ಮತ್ತು ಅವನ ತಮ್ಮಂದಿರನ್ನು ಕುರಿತ ತಮ್ಮ ಪ್ರಬಂಧದಲ್ಲಿ ಈ ಭೇದಗಳನ್ನು ವಿಶದಪಡಿಸಿದರು.

ಇಲ್ಲಿ ಒಂದು ಪುಸ್ತಕವನ್ನು ಕೊಂಚ ಹತ್ತಿರದಿಂದ ನೋಡುವುದು ಉಪಯುಕ್ತ. ಸ್ಕಾಂದಪುರಾಣಕ್ಕೆ ಸೇರಿದ ಸೂತಸಂಹಿತೆಗೆ ತಾತ್ಪರ್ಯದೀಪಿಕೆಯೆಂಬ ವ್ಯಾಖ್ಯಾನವೊಂದುಂಟು. ಪುಣೆಯ ಆನಂದಾಶ್ರಮದವರು ಅದನ್ನು ಅಚ್ಚುಮಾಡಿದಾಗ ಮುಖಪತ್ರದಲ್ಲಿ ಕರ್ತೃವನ್ನು ಮಾಧವಾಚಾರ್ಯನೆಂದು ನಮೂದಿಸಿದರು. ಅದನ್ನು ಕಂಡವರು ಸಹಜವಾಗಿಯೇ ಅದನ್ನೂ ಸಾಯಣಾಗ್ರಜನ ಗ್ರಂಥರಾಶಿಗೆ ಸೇರಿಸಿ ಎಣಿಸಿದರು. ಅಧ್ಯಾಯಾಂತ್ಯದ ಗದ್ಯವನ್ನು ಓದಿದರೆ ಕರ್ತೃವು ಕಾಶೀವಿಲಾಸ ಕ್ರಿಯಾಶಕ್ತಿಯ ಪರಮಭಕ್ತನೆಂದೂ, ತ್ರ್ಯಂಬಕನ ಪಾದಸೇವೆಯಲ್ಲಿ ನಿರತನಾದವನೆಂದೂ, ಉಪನಿಷನ್ಮಾರ್ಗದ ಪ್ರವರ್ತಕನೆಂದೂ ತಿಳಿಯುತ್ತದೆ. ಅಂದರೆ ಇವನು ಗೋವೆಯ ಮಂತ್ರಿ. ಸ್ವಾರಸ್ಯವಿರುವುದು ಇದರ ಮುಂದಣ ಮಾತಿನಲ್ಲಿ: ಅದೇ ಗದ್ಯವು ಅವನನ್ನೂ ಮಾಧವಾಚಾರ್ಯನೆಂದೇ ಕರೆಯುತ್ತದೆ! ಮುದ್ರಕರು ಯಾವ ಅಪರಾಧವನ್ನೂ ಮಾಡಲಿಲ್ಲ. ಗ್ರಂಥದಲ್ಲಿ ಇದ್ದ ಹೆಸರನ್ನೇ ಇದ್ದ ಹಾಗೆ ಎತ್ತಿ ಹಾಕಿದರು. ಹೆಸರನ್ನು ಹಿಡಿದುಕೊಂಡು ಅದರ ಅಕ್ಕಪಕ್ಕದ ವಿಶೇಷಣಗಳನ್ನು ಬಿಟ್ಟಿದ್ದರಿಂದ, ಕತ್ತಿಯನ್ನೂ ಲೇಖನಿಯನ್ನೂ ಹಿಡಿಯಬಲ್ಲವನಾಗಿದ್ದ ಒಬ್ಬ ಮಂತ್ರಿಯ ವಿದ್ವತ್ತೆಲ್ಲವೂ ಇನ್ನೊಬ್ಬನ ಖಾತೆಗೆ ಜಮೆಯಾಯಿತು. ಇಷ್ಟು ಸಾಲದೆಂಬಂತೆ ಮೂರನೆಯ ಮಾಧವನೂ ಬಂದು ಸೇರಿಕೊಂಡಿದ್ದಾನೆ: ಹದಿನಾರು ದರ್ಶನಗಳನ್ನು ಸಂಗ್ರಹಿಸಿ ಹೇಳುವ ಸರ್ವದರ್ಶನಸಂಗ್ರಹದ ಕರ್ತೃವು ತಾನು ಸಾಯಣನೆಂಬ ಕ್ಷೀರಸಮುದ್ರದಲ್ಲಿ ಹುಟ್ಟಿದ ರತ್ನವೆಂದು ಹೇಳಿಕೊಳ್ಳುತ್ತಾನೆ, ಸರ್ವಜ್ಞವಿಷ್ಣುವೆಂಬ ಬೇರೊಬ್ಬ ಗುರುವಿಗೆ ನಮಿಸುತ್ತಾನೆ. ಇವನು ಸಾಯಣನ ಅಣ್ಣನಲ್ಲ, ಮಗನಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅಣ್ಣನಾದವನು ತಾನು ತಮ್ಮನೆಂಬ ಸಮುದ್ರದಲ್ಲಿ ಹುಟ್ಟಿದೆನೆಂದು ಬರೆಯುವುದು ಅಸಂಭವವೆಂದು ನನಗೂ ತೋರುತ್ತದೆ.

ನಮ್ಮ ಹಳ್ಳಿಗಳ ಜಮೀನಿನ ಕಾಗದಪತ್ರಗಳನ್ನು ನೋಡಿದವರಿಗೆ, ರಂಗಪ್ಪ ಬಿನ್ ತಿಮ್ಮಪ್ಪ, ಗೌರಮ್ಮ ಕೋಂ ಸಿದ್ದೇಗೌಡ ಎಂಬ ಬರವಣಿಗೆಯ ಕ್ರಮ ಪರಿಚಿತವಾದದ್ದೇ. ಒಂದೇ ಊರಿನಲ್ಲಿ ರಂಗಪ್ಪಂದಿರು ಐದು ಜನರಿರುವಾಗ, ತಂದೆಯ ಹೆಸರನ್ನೂ, ಸರ್ವೆ ನಂಬರನ್ನೂ, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ಕೇಳದೆ ಶ್ಯಾನುಭೋಗನು ಒಂದು ಗುಂಟೆಯ ಖಾತೆಯನ್ನೂ ಬದಲಾಯಿಸುತ್ತಿರಲಿಲ್ಲ. ಒಂದು ಗುಂಟೆಯ ವಿಷಯದಲ್ಲಿ ಇಷ್ಟು ಬಿಗಿಯಾಗಿರುವ ಜನ, ಒಬ್ಬ ಮನುಷ್ಯನ ಇಡೀ ಜೀವಮಾನದ ಕೃತಿಯನ್ನು ಮತ್ತೊಬ್ಬನ ಹೆಸರಿಗೆ ವರ್ಗಮಾಡುವಾಗ ಬಿನ್ ಯಾರು ಎಂದು ಕೇಳುವುದಿಲ್ಲ! ಕೇಳಿದರೆ ಉತ್ತರ ಸಿಕ್ಕದೆನ್ನುವಂತೆಯೂ ಇಲ್ಲ. ನಮ್ಮ ಪ್ರಾಚೀನ ಗ್ರಂಥಕಾರರು ಜನನವರ್ಷವನ್ನು ಹೇಳದೆ ಹೋದರೂ, ತಂದೆತಾಯಿಗಳನ್ನೂ ಗುರುವನ್ನೂ ಗೋತ್ರವನ್ನೂ ಊರನ್ನೂ ಹೇಳುವುದರಲ್ಲಿ ಕೃಪಣರಾಗಿರಲಿಲ್ಲ. ಅದು ಆತ್ಮಪ್ರಶಂಸೆಯೆಂದೋ ಕವಿಸಮಯವೆಂದೋ ನಾವು ಹಾರಿಸಿ ಓದುವ ಪೀಠಿಕೆಯ ಪದ್ಯಗಳು, ಅವರ ಪಾಲಿಗೆ ತಮ್ಮ ಗುರುತನ್ನು ದಾಖಲೆಮಾಡುವ ವಿಧಾನವಾಗಿದ್ದುವು.

ಜನಸಾಮಾನ್ಯರ ಮನಸ್ಸು ಬೆಸೆಯುವುದಕ್ಕೇ ಏಕೆ ಒಲಿಯುತ್ತದೆ? ಸೋಮಾರಿತನವೊಂದೇ ಕಾರಣವಲ್ಲ. ಕೀರ್ತಿಶಾಲಿಯ ಜೀವನ ನಮಗೆ ಯಾವಾಗಲೂ ಸಾಲದಾಗಿ ತೋರುತ್ತದೆ. ಅವನು ಇನ್ನೂ ಒಂದು ಗ್ರಂಥವನ್ನು ಬರೆದಿರಬೇಕು, ಇನ್ನೂ ಒಂದು ಯುದ್ಧವನ್ನು ಗೆದ್ದಿರಬೇಕು ಎಂಬ ಆಸೆ ನಮ್ಮದು. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನ ಹೆಸರನ್ನು ಬಲ್ಲವರು, ಮಹಾಭಾಸ್ಕರೀಯವೆಂಬ ಗ್ರಂಥದ ಹೆಸರನ್ನು ಕೇಳಿದೊಡನೆಯೇ ಅದೂ ಲೀಲಾವತಿಯ ಕರ್ತೃವಿನದೇ ಇರಬೇಕೆಂದು ತಿಳಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ರಚಿಸಿದ, ಅವನಿಗಿಂತ ಐದು ಶತಮಾನ ಹಿಂದಿನ, ಮತ್ತೊಬ್ಬ ಭಾಸ್ಕರನದು. ಬ್ರಹ್ಮಸೂತ್ರಗಳಿಗೆ ಭಾಷ್ಯ ಬರೆದ ಭೇದಾಭೇದವಾದಿ ಭಾಸ್ಕರನು ಇವರಿಬ್ಬರಿಂದಲೂ ಬೇರೆ. ಎಂಟನೆಯ ಶತಮಾನದ ಜೈನ ತಾರ್ಕಿಕನಾದ ಅಕಲಂಕನಿಗೂ, 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ಶಬ್ದಾನುಶಾಸನವನ್ನು ಬರೆದ ಭಟ್ಟಾಕಲಂಕನಿಗೂ ನಡುವೆ ಎಂಟುನೂರು ವರ್ಷಗಳ ಅಂತರವಿದೆ. ಇಲ್ಲಿ ಕಿರಿಯವನು ಹಿರಿಯವನ ಹೆಸರನ್ನು ಗೌರವದಿಂದ ಧರಿಸಿದವನೇ ಹೊರತು ಆಕಸ್ಮಿಕವಾಗಿ ಪಡೆದವನಲ್ಲ. ಸಂನ್ಯಾಸಿಗಳಲ್ಲಿಯೂ ಮಠಾಧಿಪತಿಗಳಲ್ಲಿಯೂ ಹೆಸರು ಪೀಠದ ಜೊತೆಗೇ ಬರುವ ಸ್ವತ್ತಾದ್ದರಿಂದ, ಅಲ್ಲಿಯ ಗೊಂದಲ ಬಹುಮಟ್ಟಿಗೆ ಅನಿವಾರ್ಯ.

ಇಷ್ಟರಮಟ್ಟಿಗೆ ವಾದ ನನ್ನ ಕಡೆಗೆ ಸರಾಗವಾಗಿ ಹರಿದುಬಂದಿತು; ಎದುರು ಪಕ್ಷಕ್ಕೂ ಹೇಳಲು ಮಾತುಂಟು. ಕಾಲಗಣನೆಯಲ್ಲಿ ಸಿಕ್ಕು ಬಿದ್ದಾಗಲೆಲ್ಲ, ಇವನು ಅವನಲ್ಲ, ಅದೇ ಹೆಸರಿನ ಮತ್ತೊಬ್ಬ ಎಂದು ಹೇಳಿ ಜಾರಿಕೊಳ್ಳುವುದು ಪಂಡಿತರ ಹಳೆಯ ಉಪಾಯ. ಹನ್ನೊಂದನೆಯ ಶತಮಾನದಲ್ಲಿ ಭಾರತವನ್ನು ಕುರಿತು ಬರೆದ ಅಲ್ಬೆರೂನಿಯು ಆರ್ಯಭಟರು ಇಬ್ಬರೆಂದು, ಒಬ್ಬ ಹಿರಿಯನೆಂದೂ ಮತ್ತೊಬ್ಬ ಕುಸುಮಪುರದವನೆಂದೂ ವಿಂಗಡಿಸಿದನು. ಅವನಂಥ ನಿಷ್ಕೃಷ್ಟಮತಿಯ ಮಾತನ್ನು ಸಂಶಯಿಸುವ ಗೋಜಿಗೆ ಬಹುಕಾಲ ಯಾರೂ ಹೋಗಲಿಲ್ಲ. 1926ರಲ್ಲಿ ಗಣಿತೇತಿಹಾಸಜ್ಞರಾದ ವಿಭೂತಿಭೂಷಣ ದತ್ತರು ಆ ಇಬ್ಬರ ಹೆಸರಿನಲ್ಲಿ ಅವನು ಹೇಳುವುದೆಲ್ಲವೂ ಆರ್ಯಭಟೀಯದ ಕರ್ತೃವೊಬ್ಬನಿಗೇ ಸಲ್ಲುತ್ತದೆಂದು ತೋರಿಸಿಕೊಡಬೇಕಾಯಿತು. ಮಹಾಸಿದ್ಧಾಂತವೆಂಬ ಗ್ರಂಥವನ್ನು ಬರೆದ ಎರಡನೆಯ ಆರ್ಯಭಟನೊಬ್ಬನು ನಿಜವಾಗಿಯೂ ಇದ್ದಾನೆ. ಆದರೆ ಅಲ್ಬೆರೂನಿ ಕಂಡ ಎರಡನೆಯವನು ಅವನಲ್ಲ. ಒಡೆದದ್ದನ್ನು ಕೂಡಿಸುವುದು ಸುಲಭವೆಂಬ ನನ್ನ ಮಾತಿಗೆ ಒಂಬೈನೂರು ವರ್ಷ ಉಳಿದುಕೊಂಡ ಈ ಒಡಕು ಅನುಕೂಲವಾದ ಸಾಕ್ಷಿಯಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಈ ಒಡಕಿನಿಂದ ಆರ್ಯಭಟನ ಗ್ರಂಥವಾಗಲಿ ಕೀರ್ತಿಯಾಗಲಿ ಲೋಪವಾಗಲಿಲ್ಲ. ಜೊತೆಗೊಂದು ನೆರಳು ನಿಂತಿತು, ಅಷ್ಟೆ. ಮಾಧವಮಂತ್ರಿಗಾದರೋ ತನ್ನದೆಂದು ಹೇಳಿಕೊಳ್ಳುವುದಕ್ಕೆ ನೆರಳೂ ಉಳಿದಿರಲಿಲ್ಲ.

ಅಶೋಕನ ವಿಷಯದಲ್ಲಿ ಬೆಸೆಯುವಿಕೆ ಒಡೆಯುವಿಕೆಗಳೆರಡೂ ಏಕತ್ರ ಕಾಣಸಿಗುತ್ತವೆ. ಸಿಂಹಳದ ಬೌದ್ಧ ಇತಿಹಾಸಗಳ ಪ್ರಕಾರ ಬುದ್ಧನಿರ್ವಾಣವಾದ ನೂರು ವರ್ಷಕ್ಕೆ ಕಾಲಾಶೋಕನೂ, ಇನ್ನೂರ ಹದಿನೆಂಟು ವರ್ಷಕ್ಕೆ ಧರ್ಮಾಶೋಕನೂ ಆಳಿದರು; ಉತ್ತರದ ಬೌದ್ಧ ಸಂಪ್ರದಾಯವು ಧರ್ಮಾಶೋಕನನ್ನೇ ನೂರನೆಯ ವರ್ಷಕ್ಕೆ ಇರಿಸಿ, ಕಾಲಾಶೋಕನ ಸುದ್ದಿಯನ್ನೇ ಎತ್ತುವುದಿಲ್ಲ. ಎರಡು ಲೆಕ್ಕಗಳು ಹೊಂದಿಕೆಯಾಗದಿದ್ದುದರಿಂದ ಒಬ್ಬ ಅಶೋಕನು ಇಬ್ಬರಾದನೋ, ಇಬ್ಬರಿದ್ದವರು ಒಬ್ಬನಾದರೋ ಎಂಬ ಶಂಕೆ ಸಹಜವಾದುದು. ಇತ್ತ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದಾಗ, ಶಿಲೆಗಳ ಮೇಲೆಲ್ಲ ಕಂಡ ದೇವಾನಂಪಿಯ ಪಿಯದಸಿಯು ಯಾರೆಂದು ಹೊಳೆಯದೆ, ಸಿಂಹಳದಲ್ಲಿ ದೇವಾನಂಪಿಯ ತಿಸ್ಸನೆಂಬ ದೊರೆಯಿದ್ದನಲ್ಲವೆ ಎಂದು ಮೊದಲು ಅವನಿಗೇ ಆ ಶಾಸನಗಳನ್ನು ಒಪ್ಪಿಸಿದ್ದನು. ಸಮಾನವಾದ ಒಂದು ಬಿರುದಿನ ಬಲದಿಂದ, ದ್ವೀಪವೊಂದರ ಅರಸನು ಕೆಲಕಾಲ ಜಂಬೂದ್ವೀಪದ ಶಾಸನಕರ್ತೃವಾದನು! ಪಾಲಿ ದೀಪವಂಶದಲ್ಲಿ ಪಿಯದಸ್ಸಿಯೆಂಬುದು ಅಶೋಕನಿಗೇ ಇದ್ದ ಹೆಸರೆಂಬುದನ್ನು ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಕಂಡುಕೊಟ್ಟ ಮೇಲೆ ತಪ್ಪು ತಿದ್ದಿತು. ಆದರೂ ಅದು ಗ್ರಂಥಾಧಾರವೇ ಹೊರತು ಶಿಲಾಧಾರವಾಗಿರಲಿಲ್ಲ. ಶಿಲಾಧಾರವನ್ನು ಒದಗಿಸಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಬಂಡೆಯಲ್ಲಿ ದೇವಾನಂಪಿಯನೆಂಬ ಬಿರುದಿನ ಪಕ್ಕದಲ್ಲಿಯೇ ಅಶೋಕನೆಂಬ ಹೆಸರು ಕೊರೆದಿತ್ತು. ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳ ಶಾಸನಗಳಲ್ಲಿಯೂ ಅದೇ ಹೆಸರು ದೊರೆತಿದೆ. ಕಲಬುರಗಿ ಜಿಲ್ಲೆಯ ಸನ್ನತಿಗೆ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ, ರಾಣಿಯೊಡನೆ ನಿಂತ ರಾಜನ ಮೇಲೆ ಛತ್ರವನ್ನು ಹಿಡಿದು ಚಾಮರ ಬೀಸುವ ಪರಿಚಾರಿಕೆಯರಿರುವ ಒಂದು ಶಿಲಾಫಲಕವು ಹೊರಬಿತ್ತು. ಅದರ ಮೇಲೆ ಬ್ರಾಹ್ಮೀ ಅಕ್ಷರಗಳಲ್ಲಿ ರಾಯ ಅಸೋಕೋ ಎಂಬ ಎರಡೇ ಮಾತು. ಆ ಫಲಕವನ್ನು ಕಡೆದವನು ತನ್ನ ಕಾಲದ ನೋಡುಗರಿಗೆ ಯಾವ ಅಶೋಕನೆಂದು ವಿವರಿಸುವ ಅಗತ್ಯವನ್ನು ಕಾಣಲಿಲ್ಲವೆಂಬುದು ಗಮನಾರ್ಹ.

ಅಶೋಕನ ಅಜ್ಜನ ಹೆಸರಿನ ಮೇಲೆ ನಡೆದಿರುವ ವಿವಾದ ಇದಕ್ಕಿಂತಲೂ ಉದ್ದವಾದುದು. ಗ್ರೀಕರು ಬರೆದಿಟ್ಟ ಸ್ಯಾಂಡ್ರೊಕೊಟಸ್ ಎಂಬ ದೊರೆಯೇ ಚಂದ್ರಗುಪ್ತನೆಂದು ಸರ್ ವಿಲಿಯಂ ಜೋನ್ಸ್ 1793ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಭೆಯಲ್ಲಿ ಘೋಷಿಸಿದಂದಿನಿಂದ, ಪ್ರಾಚೀನ ಭಾರತದ ಕಾಲಗಣನೆಯೆಲ್ಲವೂ ಆ ಗೂಟಕ್ಕೇ ಕಟ್ಟಿಕೊಂಡಿದೆ. ಗ್ರೀಕರು ಹೇಳಿದ ಚಂದ್ರಗುಪ್ತನು ಮೌರ್ಯನಲ್ಲ, ಗುಪ್ತವಂಶದ ಚಂದ್ರಗುಪ್ತನು; ಆದುದರಿಂದ ನಮ್ಮ ಇತಿಹಾಸವನ್ನೆಲ್ಲ ಆರು ಶತಮಾನಗಳಷ್ಟು ಹಿಂದಕ್ಕೆ ತಳ್ಳಬೇಕು ಎಂದು ವಾದಿಸಿದವರು ದಕ್ಷಿಣದಲ್ಲಿ ಇದ್ದರು, ಈಗಲೂ ಇದ್ದಾರೆ. ಪಾಟಲೀಪುತ್ರವು ಇಬ್ಬರಿಗೂ ಸಂಬಂಧಪಟ್ಟ ನಗರ, ಹೆಸರು ಇಬ್ಬರದೂ ಒಂದೇ ಎಂಬ ಕಾರಣದಿಂದ ಈ ವಾದವು ಮೇಲುನೋಟಕ್ಕೆ ಅಸಂಗತವೆನಿಸುವುದಿಲ್ಲ. ಅದನ್ನು ಖಂಡಿಸುವುದು ಚಂದ್ರಗುಪ್ತನೆಂಬ ಹೆಸರಿನಿಂದ ಸಾಧ್ಯವೂ ಇಲ್ಲ. ಖಂಡಿಸುವುದು ಅವನ ಮೊಮ್ಮಗನ ಹದಿಮೂರನೆಯ ಶಿಲಾಶಾಸನ: ಅದರಲ್ಲಿ ಅಂತಿಯೋಕ, ತುಲಮಾಯ, ಅಂತಿಕಿನಿ, ಮಕ, ಅಲಿಕಸುದರ ಎಂಬ ಐವರು ಯವನರಾಜರು ಅಶೋಕನ ಸಮಕಾಲೀನರಾಗಿ ಉಲ್ಲೇಖಿತರಾಗಿದ್ದಾರೆ. ಸಿರಿಯ, ಈಜಿಪ್ಟು, ಮೆಸಿಡೋನಿಯ, ಸೈರೀನಿಗಳ ಇತಿಹಾಸದಲ್ಲಿ ಈ ಹೆಸರಿನ ಅರಸರು ಒಟ್ಟಿಗೆ ಬದುಕಿದ್ದ ಕಾಲವೆಂದರೆ ಕ್ರಿ. ಪೂ. ಮೂರನೆಯ ಶತಮಾನದ ಮಧ್ಯಭಾಗವೊಂದೇ. ಅಜ್ಜನನ್ನು ಗುಪ್ತನನ್ನಾಗಿ ಮಾಡಿ ಮೌರ್ಯರನ್ನು ಅವನಿಗಿಂತ ಎಷ್ಟೋ ಶತಮಾನ ಹಿಂದಕ್ಕೆ ಕಳುಹಿಸಿದರೆ, ಅಶೋಕನ ಸಮಕಾಲೀನರಾದ ಈ ಐವರಿಗೆ ಎಲ್ಲಿಯೂ ಸ್ಥಳ ದೊರೆಯದು. ಐದು ಹೆಸರುಗಳು ಕೂಡಿ ನಿಂತಾಗ ದೊರೆಯುವ ಬಲವು ಒಂದು ಹೆಸರಿಗೆ ಇಲ್ಲ. ಒಬ್ಬ ಅಂತಿಯೋಕನಾದರೆ ಸಿರಿಯದಲ್ಲಿ ಹತ್ತಾರು ಮಂದಿ ಸಿಕ್ಕುತ್ತಾರೆ. ಇಷ್ಟಾಗಿಯೂ ಐದನೆಯವನು ತೊಂದರೆಯನ್ನು ಉಳಿಸಿಯೇ ಹೋಗಿದ್ದಾನೆ. ಅಲಿಕಸುದರನೆಂದರೆ ಎಪೈರಸಿನ ಅಲೆಕ್ಸಾಂಡರನೋ, ಕಾರಿಂತಿನ ಅಲೆಕ್ಸಾಂಡರನೋ ಎಂಬುದರಲ್ಲಿ ವಿದ್ವಾಂಸರು ಏಕಾಭಿಪ್ರಾಯರಾಗಿಲ್ಲ. ಹೆಚ್ಚಿನವರ ಒಲವು ಎಪೈರಸಿನವನ ಕಡೆಗಿದೆ. ಶಾಸನದ ಕಾಲವು ಕೆಲವು ವರ್ಷ ಅತ್ತ ಇತ್ತ ತೂಗುತ್ತಿರುವುದು ಈ ಇಬ್ಬರು ಅಲೆಕ್ಸಾಂಡರರ ದೆಸೆಯಿಂದಲೇ.

ಚಂದ್ರಗುಪ್ತನ ಮಾತು ಬಂದ ಮೇಲೆ ಕನ್ನಡಿಗನು, ಮೌರ್ಯನು ಬಂದನೆಂದು ಸಂಪ್ರದಾಯವು ಹೇಳುವ ಶ್ರವಣಬೆಳಗೊಳವನ್ನು ದಾಟಿ ಹೋಗಲಾರ. ಚಂದ್ರಗಿರಿಯ ಮೇಲೆ, ಸುಮಾರು 600ರ ಲಿಪಿಯಲ್ಲಿರುವ ಶಾಸನವು, ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುನ್ನರಿತು ಹೇಳಲಾಗಿ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುಬಂದುದನ್ನೂ, ಪ್ರಭಾಚಂದ್ರನೆಂಬ ಆಚಾರ್ಯನು ಕಟವಪ್ರದ ಮೇಲೆ ಸಮಾಧಿಮರಣವನ್ನು ಸಾಧಿಸಿದುದನ್ನೂ ವರ್ಣಿಸುತ್ತದೆ. ಅದರಲ್ಲಿ ಚಂದ್ರಗುಪ್ತನ ಹೆಸರಿಲ್ಲ. ಸ್ವಲ್ಪ ತರುವಾಯದ ಮತ್ತೊಂದು ಶಾಸನದಲ್ಲಿ ಭದ್ರಬಾಹು ಚಂದ್ರಗುಪ್ತರೆಂಬ ಮುನಿಗಳ ಜೋಡಿ ಕಾಣಿಸುತ್ತದೆ. ಆದರೆ ಅಲ್ಲಿ ಚಂದ್ರಗುಪ್ತನು ಮುನಿ. ರಾಜನೆಂಬ ಮಾತಿಲ್ಲ, ಮೌರ್ಯನೆಂಬ ಮಾತಂತೂ ಇಲ್ಲವೇ ಇಲ್ಲ. 931ರಲ್ಲಿ ಹರಿಷೇಣನು ರಚಿಸಿದ ಬೃಹತ್ಕಥಾಕೋಶದಲ್ಲಿ ಅವನು ರಾಜನಾಗಿ ಬರುತ್ತಾನೆ, ಆದರೆ ಉಜ್ಜಯಿನಿಯ ರಾಜನಾಗಿ. ಶಾಸನಜ್ಞರಲ್ಲಿ ಲೂಯಿ ರೈಸರು ಮೌರ್ಯ ಪಕ್ಷವನ್ನು ಹಿಡಿದರು. ಫ್ಲೀಟರು ಅದನ್ನು ಪ್ರಬಲವಾಗಿ ವಿರೋಧಿಸಿ, ಶಾಸನದ ಭದ್ರಬಾಹುವು ಅಂತಿಮ ಶ್ರುತಕೇವಲಿಯಾದ ಭದ್ರಬಾಹುವಲ್ಲ, ಪಟ್ಟಾವಳಿಗಳಲ್ಲಿ ಬರುವ ಎರಡನೆಯ ಭದ್ರಬಾಹುವೆಂದೂ, ಚಂದ್ರಗುಪ್ತನೆಂದರೆ ಅವನ ಶಿಷ್ಯ ಗುಪ್ತಿಗುಪ್ತನೆಂದೂ ವಾದಿಸಿದರು. ಮೌರ್ಯನನ್ನು ತಂದವರಿಗೂ ಹೆಸರೇ ಆಧಾರ. ಅವನನ್ನು ಹೊರಡಿಸಿದವರೂ ಅದೇ ಹೆಸರಿನ ಇನ್ನೊಬ್ಬನನ್ನು ಕರೆತಂದರು. ಮುನಿಯ ತಂದೆ ಯಾರು, ದೀಕ್ಷೆ ಕೊಟ್ಟವರು ಯಾರು, ಯಾವ ಊರಿನವನು ಎಂದು ಹೇಳುವ ಸಾಲು ಆ ಬೆಟ್ಟದ ಪ್ರಾಚೀನ ಶಾಸನಗಳಲ್ಲಿ ಇಲ್ಲದಿರುವ ತನಕ, ನಿರ್ಧಾರವಾಗಿ ಹೇಳುವುದು ಸಾಧ್ಯವಿಲ್ಲ. ಸಂಪ್ರದಾಯವು ಹಳೆಯದು, ಆದರಣೀಯವಾದುದು. ಮೌರ್ಯನು ಇಲ್ಲಿಗೆ ಬಂದಿರಲಾರನೆಂದು ನಾನು ಹೇಳುತ್ತಿಲ್ಲ. ಬಂದನೆಂಬುದಕ್ಕೆ ಹೆಸರಿನ ಹೊರತು ಸಮಕಾಲೀನವಾದ ಎರಡನೆಯ ಸಾಕ್ಷಿ ಬೇಕೆಂಬುದಷ್ಟೇ ನನ್ನ ಮಾತು. ಮಾಧವರ ವಿಷಯದಲ್ಲಿ ಅಂಥ ಸಾಕ್ಷಿ ನಾಲ್ಕಾರು ಇದ್ದುವು. ಇಲ್ಲಿ ಒಂದೂ ಇಲ್ಲ.

ಕನ್ನಡ ಸಾಹಿತ್ಯದಲ್ಲಿ ಈ ಚರ್ಚೆಯ ಮುಖ್ಯ ಕ್ಷೇತ್ರವೆಂದರೆ ನಾಗವರ್ಮರದು. ಛಂದೋಂಬುಧಿ, ಕರ್ಣಾಟಕ ಕಾದಂಬರಿ, ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ವಸ್ತುಕೋಶ, ಈ ಐದನ್ನೂ ಒಬ್ಬನೇ ನಾಗವರ್ಮನು ಬರೆದನೆಂದು ಮೊದಮೊದಲು ತಿಳಿದಿದ್ದರು. ಛಂದಸ್ಸು, ಕಾವ್ಯ, ಅಲಂಕಾರ, ವ್ಯಾಕರಣ, ನಿಘಂಟು ಎಲ್ಲವನ್ನೂ ಬಲ್ಲ ಸರ್ವಶಾಸ್ತ್ರಪಾರಂಗತನೊಬ್ಬನ ಚಿತ್ರವೇನೋ ಮನೋಹರವಾಗಿತ್ತು. ಕವಿಚರಿತೆಕಾರರು ಅದನ್ನು ಪರೀಕ್ಷಿಸಿ, ಮೊದಲಿನ ಎರಡು ಗ್ರಂಥಗಳು ವೆಂಗಿವಿಷಯದ ಮನೆತನಕ್ಕೆ ಸೇರಿದ ವೆಣ್ಣಮಯ್ಯನ ಮಗನಾದ ನಾಗವರ್ಮನವೆಂದೂ, ಉಳಿದವು ದಾಮೋದರನ ಮಗನಾಗಿ, ಅಭಿನವ ಶರ್ವವರ್ಮನೆನ್ನಿಸಿಕೊಂಡ ಮತ್ತೊಬ್ಬ ನಾಗವರ್ಮನವೆಂದೂ ಬೇರ್ಪಡಿಸಿದರು. ಆ ಎರಡನೆಯವನು ಜಗದೇಕಮಲ್ಲನೆಂಬ ಚಾಲುಕ್ಯ ಚಕ್ರವರ್ತಿಯ ಕಟಕೋಪಾಧ್ಯಾಯನಾಗಿದ್ದನೆಂದು ತಿಳಿದುಬಂದಾಗ, ಕಾಲನಿರ್ಣಯ ಇನ್ನೇನು ಕೈಗೆ ಸಿಕ್ಕಿತೆಂದೇ ಎಲ್ಲರೂ ಭಾವಿಸಿದರು. ಆದರೆ ಕಲ್ಯಾಣದ ಗದ್ದುಗೆಯಲ್ಲಿ ಜಗದೇಕಮಲ್ಲರೂ ಒಬ್ಬರಲ್ಲ! ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಜಯಸಿಂಹನಿಗೆ ಆ ಬಿರುದಿತ್ತು. ನೂರು ವರ್ಷಗಳಾದ ಮೇಲೆ ಹನ್ನೆರಡನೆಯ ಶತಮಾನದ ನಡುವಣ ದೊರೆಗೆ ಅದೇ ಹೆಸರಾಯಿತು. ಯಾವ ನಾಗವರ್ಮನೆಂಬ ಪ್ರಶ್ನೆಗೆ ಉತ್ತರ ಹುಡುಕಹೋದವರು ಯಾವ ಜಗದೇಕಮಲ್ಲನೆಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹಿಂದಿರುಗಿದರು. ಒಬ್ಬರು 1145ರ ಸುಮಾರು ಎಂದರೆ ಇನ್ನೊಬ್ಬರು ಅದಕ್ಕೆ ನೂರು ವರ್ಷ ಹಿಂದೆ ಎಂದರು. ಶಕವರ್ಷವನ್ನು ಹೊತ್ತ, ಗಣನೆಗೆ 1042ಕ್ಕೆ ಸರಿಯಾಗುವ ವರ್ಧಮಾನಪುರಾಣವೊಂದು ನಾಗವರ್ಮನ ಹೆಸರಿನಲ್ಲಿ ದೊರೆತ ಮೇಲೆ, ತಕ್ಕಡಿ ಹಿಂದಣ ಕಾಲದ ಕಡೆಗೆ ವಾಲಿತು.

ಈ ಇಬ್ಬರನ್ನು ಒಂದನೆಯ ನಾಗವರ್ಮ, ಎರಡನೆಯ ನಾಗವರ್ಮ ಎಂದು ಕರೆಯುವ ವಾಡಿಕೆ ಈಗ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ನೆಲೆನಿಂತಿದೆ. ಅದರಲ್ಲಿ ನನಗಿರುವ ಅಸಮಾಧಾನವನ್ನು ಹೇಳಿಬಿಡುತ್ತೇನೆ. ಸಂಖ್ಯೆಯು ನಿರ್ಣಯವಾಗಿ ಮುಗಿದ ವಿಷಯದಂತೆ ತೋರುತ್ತದೆ. ಅದರ ಹಿಂದೆ ಎಷ್ಟು ಊಹೆಗಳಿವೆಯೆಂಬುದು ವಿದ್ಯಾರ್ಥಿಗೆ ಕಾಣುವುದಿಲ್ಲ. ಛಂದೋಂಬುಧಿಯ ಕರ್ತೃವೂ ಕಾದಂಬರಿಯ ಕರ್ತೃವೂ ಒಬ್ಬನೇ ಅಲ್ಲವೆಂದು ನಾಳೆ ಸಿದ್ಧವಾದರೆ, ಇಂದಿನ ಎರಡನೆಯವನು ಮೂರನೆಯವನಾಗಬೇಕು, ಅಲ್ಲಿಯವರೆಗೆ ಅಚ್ಚಾದ ಪುಸ್ತಕಗಳಲ್ಲಿ ಎರಡನೆಯವನೆಂದು ಓದಿದವರಿಗೆ ಅದು ಯಾರೆಂದು ತಿಳಿಯದೆ ಹೋಗಬೇಕು. ಕವಿಯು ತಾನೇ ಕೊಟ್ಟ ಗುರುತು ಹಾಗೆ ಅಲುಗಾಡುವುದಿಲ್ಲ. ಭಾಷಾಭೂಷಣವನ್ನು ದಾಮೋದರನ ಮಗ ನಾಗವರ್ಮನ ವ್ಯಾಕರಣವೆಂದು ಸೂಚಿಯಲ್ಲಿ ಬರೆದರೆ ಅರ್ಧ ಪಂಕ್ತಿ ಹೆಚ್ಚಾಗಬಹುದು. ಎಷ್ಟು ಮಂದಿ ನಾಗವರ್ಮರು ಹೊಸದಾಗಿ ಬಂದರೂ ಆ ಅರ್ಧ ಪಂಕ್ತಿಯನ್ನು ತಿದ್ದಬೇಕಾಗುವುದಿಲ್ಲ. ನಮ್ಮ ಗ್ರಂಥಾಲಯಗಳ ಸೂಚಿಗಳನ್ನೂ, ಹಸ್ತಪ್ರತಿಗಳ ವಿವರಣಾತ್ಮಕ ಪಟ್ಟಿಗಳನ್ನೂ ಈ ಕ್ರಮದಲ್ಲಿ ಮತ್ತೊಮ್ಮೆ ತಯಾರಿಸಲು ವಿಶ್ವವಿದ್ಯಾನಿಲಯಗಳು ಮುಂದೆ ಬಂದರೆ, ಕೆಲಸವನ್ನು ಮಾಧವನೆಂಬ ಹೆಸರಿನಿಂದಲೇ ಆರಂಭಿಸುವುದು ಒಳ್ಳೆಯದು. ತಾತ್ಪರ್ಯದೀಪಿಕೆಯು ಎಷ್ಟು ಕಡೆ ಇನ್ನೂ ವಿದ್ಯಾರಣ್ಯರ ಕೃತಿಗಳ ಸಾಲಿನಲ್ಲಿ ನಿಂತಿದೆಯೆಂಬುದು ಆಗ ಗೊತ್ತಾದೀತು.